ಕರ್ನಲ್ ಭಾವ ನೆಟ್ಟಗೆ ಮಾಡಿದ ಸ್ಕೋಪು

ಪರದೆ ಬಟ್ಟೆಯ ಅಂಗಡಿಯವನಿಗೆ ಕರ್ನಲ್ ಅಂತ ಹೆಸರು ಬಿದ್ದದ್ದು ಮೀಸೆಯಿಂದ. ಸೈನ್ಯದ ಗೇಟನ್ನೂ ಕಂಡವನಲ್ಲ. ಆದರೂ ರೈಫಲ್ ಕ್ಲಬ್ಬಿನಲ್ಲಿ, ಗಡಿ ಕಾಯ್ದು ಈಗಷ್ಟೇ ಬಂದವನ ಹಾಗೆ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ. ಅವನನ್ನು ಅಲ್ಲಿಗೆ ಸೇರಿಸಿದ್ದು ಅಲ್ಲೇ ಗುರಿ ಅಭ್ಯಾಸ ಮಾಡುತ್ತಿದ್ದ ನಾದಿನಿ, ಹಲ್ಲಿನ ಡಾಕ್ಟರು. "ಇವರು ಮನೇಲಿ ಕೂತು ನನ್ನ ತಲೆ ತಿಂತಾರೆ, ಎಲ್ಲಾದ್ರೂ ಸೇರ್ಸೇ" ಅಂತ ಅಕ್ಕ ಗೋಗರೆದಿದ್ದಳು.

ಒಂದು ದಿನ ಕರ್ನಲ್ ಬಂದೂಕಿನ ಮೇಲೆ ಕೂರಿಸಿ ಗುರಿ ನೋಡುವ ಹೊಸ ಸ್ಕೋಪ್ ತಂದ. ಅದನ್ನು ಹಿಡಿಯುವ ರಿಂಗುಗಳ ಸ್ಕ್ರೂಗಳನ್ನು ಒಂದೊಂದಾಗಿ, ಹದವಾಗಿ ಬಿಗಿಯಬೇಕು. ಇವನು ಹಲ್ಲು ಕಚ್ಚಿಕೊಂಡು, ಸೋರುವ ನಲ್ಲಿ ಬಿಗಿಯುವ ಹಾಗೆ ತಿರುವಿದ. ಸ್ಕೋಪಿನ ಕೊಳವೆ ಜಜ್ಜಿಹೋಯಿತು. ಗಾಜಿಗೆ ಉಫ್ ಅಂತ ಊದಿ, ಬೆವರಿನ ಅಂಗಿಯ ಚುಂಗಿನಲ್ಲಿ ಉಜ್ಜಿದ. ಗುಂಡು ಗುರಿಹಲಗೆಯೊಂದನ್ನು ಬಿಟ್ಟು ಎಲ್ಲ ಕಡೆ ಹೋಯಿತು.

"ಕಾಡತೂಸು ಸರಿಯಿಲ್ಲ" ಅಂದ. ಪಕ್ಕದವರದ್ದು ಈಸಿಕೊಂಡ. ಅದೂ ಸರಿಯಿಲ್ಲವಂತೆ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ತಂಡದ ಆಯ್ಕೆ ಸ್ಪರ್ಧೆಯ ಹಿಂದಿನ ಸಂಜೆ ನಾದಿನಿ ಅಭ್ಯಾಸ ಮುಗಿಸಿ, ರೋಗಿಯೊಬ್ಬರ ಫೋನು ಬಂತೆಂದು ಹೊರಗೆ ಹೋದಳು. ಮರಳಿ ಬಂದಾಗ ಅವಳ ಬಂದೂಕು ಪೆಟ್ಟಿಗೆ ಸೇರಿತ್ತು.

"ನಾನೇ ಪ್ಯಾಕ್ ಮಾಡಿಟ್ಟೆ ಕಣಮ್ಮಾ" ಅಂದ ಭಾವ.

ಬೆಳಿಗ್ಗೆ ಗುರಿ ನೋಡಿಕೊಳ್ಳಲು ಮೊದಲ ಗುಂಡು ಹಾರಿಸಿದಳು. ಪಕ್ಕದವನು ತಲೆಯೆತ್ತಿ, "ಡಾಕ್ಟ್ರೇ, ನನ್ನ ಹಲಗೆಗೆ ಹೊಡೀತಿದೀರಲ್ಲ" ಅಂದ. ಸ್ಕೋಪಿನೊಳಗೆ ಗುರಿ ತೋರುವ ಗೆರೆಗಳು ವಾಲಿದ್ದವು. ಮುಟ್ಟಿದರೆ ಸ್ಕೋಪೇ ಅಲುಗಿತು.

"ಸ್ವಲ್ಪ ಸೊಟ್ಟಗಿತ್ತು, ನೆಟ್ಟಗೆ ಮಾಡ್ದೆ" ಎಂದು ಕರ್ನಲ್ ಹಿಂದಿನಿಂದ ಪಿಸುಗುಟ್ಟಿದ. "ಥ್ಯಾಂಕ್ಸ್ ಆಮೇಲೆ ಹೇಳುವಿಯಂತೆ."

"ಭಾವ, ಬಾಯಿ ಮುಚ್ಕೊಂಡು ಆಚೆ ಹೋಗಿ."

ಬಂದೂಕನ್ನು ಮಟ್ಟವಾಗಿಟ್ಟು, ಎದುರು ಗೋಡೆಯ ಮೂಲೆಗೆ ಸ್ಕೋಪಿನ ಉದ್ದಗೆರೆ ಹೊಂದಿಸಿದಳು. ಸ್ಕ್ರೂಗಳನ್ನು ಬಿಗಿದಳು. ಮೂರು ಗುಂಡು ಬಲಗಡೆ ಕೆಳಗೆ ಒಟ್ಟಿಗೇ ಬಿದ್ದವು. ಸ್ಕೋಪಿನ ಡಯಲ್ ತಿರುಗಿಸಿ ಗುರಿಯನ್ನು ಎಡಕ್ಕೆ, ಮೇಲಕ್ಕೆ ಎಳೆದಳು. ಗುರಿ ನಡುವಿಗೆ ಬರುವಷ್ಟರಲ್ಲಿ ಸ್ಪರ್ಧೆಯ ಗಂಟೆ ಹೊಡೆಯಿತು. ಕೈ ಇನ್ನೂ ಹದಕ್ಕೆ ಬಂದಿರಲಿಲ್ಲ. ಒಂದೇ ಒಂದು ಅಂಕದಿಂದ ತಂಡ ತಪ್ಪಿತು.

ಕರ್ನಲ್ ಬಂದು, ಅವಳ ಹೆಗಲ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಅಂದ: "ಬಂದೂಕೇನೋ ನಾನು ರೆಡಿ ಮಾಡಿಕೊಟ್ಟಿದ್ದೆ. ನಮ್ಮ ಹುಡುಗಿಗೆ ಮನಸ್ಸು ಗಟ್ಟಿ ಇಲ್ಲ ನೋಡಿ."

ಆ ಕೈಯನ್ನು ಅವಳು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಬಿಟ್ಟಳು.

"ಈ ಮೇಲಿನ ಡಯಲ್ ತಿರುಗಿಸಿದ್ರೆ ಗುಂಡು ಯಾವ ಕಡೆ ಹೋಗುತ್ತೆ ಭಾವ?"

ಅವನು ಮೀಸೆ ನೀವಿದ. "ಅದು... ಗಾಳಿ ನೋಡ್ಕೊಂಡು ಹೇಳ್ಬೇಕಾಗುತ್ತೆ."

ಸುತ್ತ ನಾಲ್ಕು ಗೋಡೆ, ಮೇಲೆ ಸೂರು, ಒಂದು ಕಿಟಕಿಯೂ ಇಲ್ಲ. ಮೊದಲು ನಕ್ಕವಳು, ತಂಗಿಯ ಸ್ಪರ್ಧೆ ನೋಡಲು ಬಂದಿದ್ದ ಅವನ ಹೆಂಡತಿ. ಆಮೇಲೆ ಇಡೀ ಹಾಲ್ ನಕ್ಕಿತು. ನಾದಿನಿ ಮಾತ್ರ ನಗಲಿಲ್ಲ. ಅವಳ ಒಂದು ವರ್ಷದ ಬೆವರು ಈ ಮೀಸೆಗೆ ಬಲಿಯಾಗಿತ್ತು.

"ಇವರ ಪರವಾಗಿ ನಾನು ಕ್ಷಮೆ ಕೇಳಲ್ಲ ಕಣೇ" ಅಂದಳು ಅಕ್ಕ, ಕಾರಿನ ಹತ್ತಿರ. "ಬೈಯೋದಾದ್ರೆ ಬೈ, ಜೊತೆಗೆ ನಾನೂ ಬೈತೀನಿ."

ಕ್ಲಬ್ಬಿನ ಮಟ್ಟ ಇಳಿದುಹೋಗಿದೆ ಅಂತ ಸಾರಿ ಕರ್ನಲ್ ತಾನಾಗಿಯೇ ಅದನ್ನು ಬಿಟ್ಟ. ನಾದಿನಿ ಮುಂದಿನ ಆಯ್ಕೆಗೆ ಹೆಸರು ಕೊಟ್ಟಿದ್ದಾಳೆ. ಅವನು ಈಗ ಈಜುಕೊಳದ ದಂಡೆಯ ಮೇಲೆ, ಕಾಲಿನ ಉಗುರೂ ನೆನೆಯದ ಹಾಗೆ ನಿಂತು, ಈಜುವವರಿಗೆ ಉಸಿರು ಬಿಡುವುದು ಹೇಗೆ ಅಂತ ಕೂಗಿ ಕೂಗಿ ಹೇಳುತ್ತಿದ್ದಾನೆ.