ಗಂಟು ಹೊತ್ತವರನ್ನು ಹಿಡಿಯುವ ನಾಯಿ

ತಮ್ಮನಿಗೆ ನಾಯಿ ಶಾಲೆಯಲ್ಲಿ ಕೆಲಸ ಸಿಕ್ಕಿತು ಎಂದಾಗ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ನಕ್ಕಳು.

"ನಾಯಿಗೆ ಪಾಠ ಹೇಳ್ತೀಯಾ? ನಿನಗೇ ಪಾಠ ಹೇಳಿ ಎಷ್ಟು ಜನ ಸೋತ್ರೋ!"

"ಹೇಳೋರು ಮಾಸ್ಟರು ಅಕ್ಕ. ನಾನೇ ಪಾಠ. ಕಚ್ಚೋದು ಕಲಿಯೋಕೆ ಒಬ್ಬ ಕಳ್ಳ ಬೇಕಲ್ಲ, ಆ ಕಳ್ಳ ನಾನು."

"ಬಿಡ್ತು ಅನ್ನು!"

"ಸಂಬಳ ಕೊಟ್ಟು ಇಟ್ಕೊಂಡಿರೋ ಕಳ್ಳ ಅಕ್ಕ. ಇಂಥ ಮರ್ಯಾದಸ್ಥ ಕಳ್ಳ ಊರಲ್ಲೇ ಇನ್ನೊಬ್ಬ ಇಲ್ಲ."

ಅಕ್ಕನದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಅಂಗಡಿಯೆಂದರೆ ಒಂದು ಮೇಜು, ಅದರ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಹಿಂದೆ ಒಂದು ತೊಟ್ಟಿ, ಅದರಾಚೆಗೆ ಇಬ್ಬರೂ ಮಲಗುವ ಕೋಣೆ. ಅಮ್ಮ ಹೋದ ಮೇಲೆ ತಮ್ಮನನ್ನು ಬೆಳೆಸಿದ್ದು ಈ ಮೇಜೇ. ಗೇಟು ಗೇಟಿಗೂ ಹೋಗಿ ಬಟ್ಟೆ ತರುವುದು, ಗಂಟು ಕಟ್ಟಿ ಹೆಗಲಿಗೆ ಹಾಕುವುದು, ಒಗೆದು, ಒಣಗಿಸಿ, ಮಡಿಸಿ ಕೊಟ್ಟು ಬರುವುದು. ಅವಳ ಕೈಯಿಂದ ಒಂದು ಕರವಸ್ತ್ರವೂ ನೆಲಕ್ಕೆ ಬಿದ್ದದ್ದನ್ನು ಆ ಬೀದಿ ಕಂಡಿರಲಿಲ್ಲ. "ಬೇರೆಯವರ ಬಟ್ಟೆ ಕಣೋ, ಬೇರೆಯವರ ಮಗು ಇದ್ದಂಗೆ. ಕೈಜಾರಿ ಬಿತ್ತು ಅಂದ್ರೆ ಯಾರು ಕೇಳ್ತಾರೆ?" ಎನ್ನುವುದು ಅವಳ ಶಾಸ್ತ್ರ.

ನಾಯಿ ಶಾಲೆ ಊರಾಚೆಯ ಎತ್ತರದ ಗೋಡೆಯ ಒಳಗಿತ್ತು. ಒಳಗೊಂದು ಬಯಲು, ಬಯಲ ನಡುವೆ ಒಂದು ಗೇಟು. ಮನೆಯಿಲ್ಲ, ಬೇಲಿಯಿಲ್ಲ, ಬರೀ ಎರಡು ಕಂಬ ನೆಟ್ಟು ನಿಲ್ಲಿಸಿದ ಗೇಟು. ತಮ್ಮ ಅದರಿಂದ ಆಚೆಗೆ ಓಡಬೇಕು. ನಾಯಿ ಹಾರಿ ಬಂದು ತೋಳು ಹಿಡಿಯಬೇಕು. ಬಲ ತೋಳಿಗೆ ಹಾಸಿಗೆಯಷ್ಟು ದಪ್ಪದ ಕವಚ ತೊಡಿಸಿ, ಮೇಲೊಂದು ಹಳೆಯ ಸ್ವೆಟರು ಹಾಕಿಸುತ್ತಿದ್ದರು. ಮೊದಲ ದಿನವೇ ಮಾಸ್ಟರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು:

"ಕಳ್ಳ ಅಂದ್ರೆ ಕಳ್ಳನ ಹಾಗೇ ಕಾಣಬೇಕಪ್ಪ. ನಾಯಿಗೆ ಗುರುತು ಕೂರಬೇಕು."

"ಹೇಗೆ ಬರಲಿ ಸಾರ್? ನಾನು ದಿನಾ ಬರೋ ಹಾಗೇ ಬಂದಿದೀನಿ."

"ಹಾಂ, ಹಾಗೇ ಇರು. ಅದೇ ಸರಿಯಾಗಿದೆ."

ತಮ್ಮ ಇದನ್ನು ಮನೆಯಲ್ಲಿ ಅಭಿನಯಿಸಿ ತೋರಿಸಿದಾಗ ಅಕ್ಕ ಬಿದ್ದು ಬಿದ್ದು ನಗುತ್ತಲೇ ಇದ್ದಳು, ಆಮೇಲೆ ತಟ್ಟನೆ ನಿಲ್ಲಿಸಿದಳು. ಕೋಟು ತೊಟ್ಟ, ಪೆನ್ನು ಸಿಕ್ಕಿಸಿಕೊಂಡ ಕಳ್ಳನನ್ನು ಯಾವ ನಾಯಿಗೂ ಯಾರೂ ತೋರಿಸುವುದಿಲ್ಲ. ಜಗತ್ತಿನ ಅರ್ಧ ಕಳವು ಆ ಕೋಟಿನೊಳಗೇ ಆಗುತ್ತದೆ. ಆದರೆ ನಾಯಿಯ ಪಾಠದಲ್ಲಿ ಕಳ್ಳನ ಸ್ವೆಟರಿಗೆ ತೇಪೆ ಇರಲೇಬೇಕು.

ಒಂದು ಸಂಜೆ ತಮ್ಮ ಹೇಳಿದ: "ಮಾಸ್ಟರಿಗೆ ಗಂಟು ಬೇಕಂತೆ. ಕದ್ದ ಮಾಲು ಹೊತ್ಕೊಂಡು ಹೋಗೋ ಹಾಗೆ. ನಿನ್ನ ಹಳೇ ದುಪ್ಪಟಿ ಕೊಡ್ತೀಯಾ?"

ಅಕ್ಕ ಬಟ್ಟೆ ಹೊತ್ತು ಹೊತ್ತು ಸವೆದ ದುಪ್ಪಟಿಯೊಂದನ್ನು ತೆಗೆದು ಕೊಟ್ಟಳು. ತಮ್ಮ ಚಿಂದಿ ತುಂಬಿ, ಹೇಗೋ ಮುದ್ದೆ ಕಟ್ಟಿ, ಎಡಗೈಯಲ್ಲಿ ಜೋತುಬಿಟ್ಟುಕೊಂಡು ನಡೆದು ತೋರಿಸಿದ.

"ಅಯ್ಯೋ ನನ್ನ ದಂಡಪಿಂಡವೇ! ಹೀಗೆ ಹೊತ್ರೆ ಕಳ್ಳ ಬೀದಿ ಮೂಲೇಲೇ ಕುಸಿದು ಕೂರ್ತಾನೆ. ಇಲ್ಲಿ ಕೊಡು." ಅವಳು ನಾಲ್ಕು ಮೂಲೆ ಎಳೆದು ಬಿಗಿದು, ಬಲ ಹೆಗಲಿಗೆ ಎಸೆದು, ಬಲಗೈಯಿಂದ ಗಂಟಿನ ಕುತ್ತಿಗೆ ಹಿಡಿದು ನಿಂತಳು. "ಭಾರ ಬಲಗೈಗೆ, ಅಗುಳಿ ಎಡಗೈಗೆ. ತಲೆ ಸ್ವಲ್ಪ ಎಡಕ್ಕೆ. ಗೇಟು ತೆಗೆಯೋವಾಗ ಸೊಂಟ ತಿರುಗಿಸು, ಗಂಟು ಕಂಬಕ್ಕೆ ತಾಗಬಾರದು. ನಡಿ ನೋಡೋಣ."

ತಮ್ಮ ನಡೆದ. ಅಕ್ಕ ಹಿಂದಿನಿಂದ ಸೊಂಟಕ್ಕೆ ತಟ್ಟಿದಳು. ಮತ್ತೆ ನಡೆದ. ಅಂಗಡಿಯ ಮುಂದೆ ಅಕ್ಕ ಮುಂದೆ, ತಮ್ಮ ಹಿಂದೆ, ಇಬ್ಬರೂ ಗಂಟು ಹೊತ್ತು ಸಾಲಾಗಿ ನಡೆಯುವುದನ್ನು ನೋಡಿ ಎದುರಿನ ಚಪ್ಪಲಿ ರಿಪೇರಿಯವನು "ಮೆರವಣಿಗೆ ಯಾವ ಕಡೆ?" ಎಂದು ಕೂಗಿದ.

"ಕಚ್ಚಿದ್ರೆ ಬಿಡಿಸ್ಕೊಳ್ಳೋದು ಹೇಗೋ?" ಅಕ್ಕ ಕೇಳಿದಳು.

"ಸುಲಭ. ಗಂಟು ಕೆಳಗೆ ಬಿಟ್ಟು ಅಲ್ಲಾಡದೆ ನಿಂತ್ರೆ ಅದೂ ಬಿಡುತ್ತೆ. ಇಲ್ಲಾ ಒಡೆಯ ಬಿಡೋ ಮಾತು ಹೇಳಬೇಕು. ಬರೀ 'ಬಿಡು' ಅಂದ್ರೆ ಆಗಲ್ಲ, ಅದಕ್ಕೇ ಅಂತ ಕಲಿಸಿರೋ ಗುಟ್ಟಿನ ಮಾತೊಂದಿದೆ. ಪಾಠ ಅಷ್ಟೇ."

ಆ ವರ್ಷ ಗಂಟಿನ ಪಾಠ ಕಲಿತ ನಾಯಿಗಳಲ್ಲಿ ಒಂದು ಕಂದು ಬಣ್ಣದ್ದು. ಪಾಠ ಮುಗಿದೊಡನೆ ಅದು ಕಳ್ಳನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಕಚ್ಚಿದ ತೋಳನ್ನೇ ನೆಕ್ಕುತ್ತಿತ್ತು. ಕಚ್ಚುವುದು ಅದಕ್ಕೆ ಸಿಟ್ಟಲ್ಲ, ಶಾಲೆ. ಮಾರುವ ದಿನ ತಮ್ಮ ರಜೆ ಹಾಕಿದ.

ಕೊಂಡವರು ದೊಡ್ಡ ಬಂಗಲೆಯವರೇನಲ್ಲ. ಅಕ್ಕನ ಗಿರಾಕಿಯೇ: ಟೀಚರಮ್ಮ, ವಿಮಾ ಕಚೇರಿಯ ಗುಮಾಸ್ತ ಗಂಡ, ಒಬ್ಬಳು ಪುಟ್ಟ ಮಗಳು. ಎರಡು ಕೋಣೆ, ಒಂದು ಅಡುಗೆಮನೆ, ಒಗೆಯುವ ಕಲ್ಲಿನಷ್ಟು ಅಂಗಳ. ಪಕ್ಕದ ಬೀದಿಯಲ್ಲಿ ಯಾರದೋ ಸೈಕಲ್ಲು ಕಳುವಾಗಿತ್ತು. ಅಷ್ಟರಿಂದ ಹುಟ್ಟಿದ ಹೆದರಿಕೆಗೆ ಗಂಡನ ಮೊಬೈಲು ದಿನವೂ ನೀರು ಗೊಬ್ಬರ ಹಾಕಿತ್ತು. ಎಲ್ಲೋ ನುಗ್ಗಿದ ಕಳ್ಳರು, ಯಾವುದೋ ಮನೆಯ ಕಿರುಚಾಟ, ಅದರ ಬೆನ್ನಿಗೇ ನಾಯಿ ಶಾಲೆಯ ಜಾಹೀರಾತು: ಸಾಧಾರಣ ಮನೆಗೂ ಕಾವಲು ಬೇಕು. ಮೊದಲು ಹೆದರಿಕೆ ಮಾರುತ್ತಾರೆ, ಆಮೇಲೆ ಅದಕ್ಕೆ ಮದ್ದು ಮಾರುತ್ತಾರೆ. ಎರಡೂ ಒಂದೇ ಅಂಗಡಿಯವು ಎಂದು ಗಿರಾಕಿಗೆ ತಿಳಿಯುವುದಿಲ್ಲ.

"ನಿಮ್ಮನೇಲಿ ಕದಿಯೋಕೆ ಏನಿದೆ ಟೀಚರಮ್ಮ?" ಅಕ್ಕ ಚೇಷ್ಟೆ ಮಾಡಿದಳು. "ನಿಮ್ಮ ಬೀರು ವಾರವೆಲ್ಲಾ ನನ್ನ ಮೇಜಿನ ಮೇಲೇ ಇರುತ್ತೆ."

"ನಗಬೇಡ ಮಾರಾಯ್ತಿ. ಇವರು ಆಫೀಸಿಗೆ ಹೋದ್ಮೇಲೆ ನನಗೂ ಮಗೂಗೂ ಯಾರಿದಾರೆ ಹೇಳು? ಕಾಲ ಹಾಗಿದೆ."

ಪುಟ್ಟಿ ನಾಯಿಗೆ ಬೆಣ್ಣೆ ಎಂದು ಹೆಸರಿಟ್ಟಳು. ಬೆಣ್ಣೆ ಪುಟ್ಟಿಯ ರಿಬ್ಬನ್ ಕಟ್ಟಿಸಿಕೊಂಡು ಕೂರುತ್ತಿತ್ತು. ವಾರಕ್ಕೊಮ್ಮೆ ಶಾಲೆಗೆ ಕರೆತಂದು ಪಾಠ ಒಪ್ಪಿಸಬೇಕು, ಬಿಡುವ ಮಾತನ್ನು ರೂಢಿ ಮಾಡಿಸಬೇಕು ಎಂದು ಮಾಸ್ಟರು ಹೇಳಿದ್ದನ್ನು ಗುಮಾಸ್ತ ಒಂದೆರಡು ಸಲ ಪಾಲಿಸಿದ. ಆಮೇಲೆ ಕಚೇರಿ, ಮಗುವಿನ ಕೆಮ್ಮು, ನೆಂಟರು. ಸಾಧಾರಣ ಮನೆಗೆ ಬಿಡುವೆಲ್ಲಿರುತ್ತದೆ? ನಾಯಿ ಮಾತ್ರ ಏನನ್ನೂ ಮರೆಯಲಿಲ್ಲ.

ಅಕ್ಕ ಬಂದಾಗ ಬೆಣ್ಣೆ ಬಾಲ ಅಲ್ಲಾಡಿಸುತ್ತಿತ್ತು. ಆ ಮನೆಯ ಬಟ್ಟೆ ಸ್ವಲ್ಪವೇ. ಅವಳು ಕೈಚೀಲದಲ್ಲಿ ಒಯ್ದು ಕೈಚೀಲದಲ್ಲಿ ತರುತ್ತಿದ್ದಳು. ಆದರೆ ಆ ದಿನ ಟೀಚರಮ್ಮನ ಅತ್ತೆ ಊರಿನಿಂದ ಬರುವವರಿದ್ದರು. ಪರದೆಗಳು, ಹಾಸಿಗೆಯ ಹೊದಿಕೆಗಳು, ದಿಂಬಿನ ಚೀಲಗಳು, ಎಲ್ಲವೂ ಒಗೆತಕ್ಕೆ ಬಿದ್ದವು. ರಾತ್ರಿ ಸುರಿದ ಮಳೆಗೆ ಅಂಗಳ ಕೆಸರಾಗಿತ್ತು. ಒಳಗೆ ಬರುವಾಗ ಬೆಣ್ಣೆ ಅವಳ ಕೈ ನೆಕ್ಕಿತು. ಅವಳು ಎಲ್ಲವನ್ನೂ ದುಪ್ಪಟಿಗೆ ತುಂಬಿ, ನಾಲ್ಕು ಮೂಲೆ ಬಿಗಿದು, ಬಲ ಹೆಗಲಿಗೆ ಹಾಕಿಕೊಂಡು ಹೊರಟಳು. ಎಡಗೈಯಿಂದ ಗೇಟಿನ ಅಗುಳಿ ತೆಗೆದಳು. ಗಂಟು ಕಂಬಕ್ಕೆ ತಾಗದಂತೆ ಸೊಂಟ ತಿರುಗಿಸಿದಳು.

ಬೆಣ್ಣೆ ಬೊಗಳಲಿಲ್ಲ. ಬೊಗಳಬಾರದು ಎಂದು ಅದಕ್ಕೆ ಕಲಿಸಿದ್ದರು.

ಗುಮಾಸ್ತ ಬನಿಯನ್ನಿನಲ್ಲೇ ಓಡಿ ಬಂದ. "ಬಿಡು! ಬೆಣ್ಣೆ, ಬಿಡು! ಬಾ ಇಲ್ಲಿ! ಕೂತ್ಕೋ!" ಬಾಯಿಗೆ ಬಂದ ಮಾತನ್ನೆಲ್ಲ ಕೂಗಿದ, ಕಲಿಸಿದ ಆ ಒಂದು ಮಾತು ಬಾಯಿಗೆ ಬರಲಿಲ್ಲ. ಟೀಚರಮ್ಮ ಕಿಟಕಿಯಿಂದ "ಗಂಟು ಬಿಟ್ಬಿಡೇ, ಬಿಟ್ಬಿಡೇ!" ಎಂದು ಚೀರಿದಳು. ಅಕ್ಕ ಬಿಡಲಿಲ್ಲ. ಗೇಟಿನ ಕಂಬಕ್ಕೆ ಒರಗಿ, ಹಲ್ಲು ಕಚ್ಚಿ, ಗಂಟನ್ನು ಇನ್ನೂ ಮೇಲಕ್ಕೆ ಎಳೆದುಕೊಂಡಳು. ಅವಳು ಎಳೆದಷ್ಟೂ ನಾಯಿ ಅವಳ ಬಲ ತೋಳನ್ನು ಕಚ್ಚಿ ಎಳೆಯಿತು. ಕೊನೆಗೆ ಯಾರೋ ಬಕೆಟ್ಟು ನೀರು ಎರಚಿದರು. ಗಂಟು ಅವಳ ಹೆಗಲ ಮೇಲೇ ಇತ್ತು. ಕೆಸರು ಒಂದಿಷ್ಟೂ ತಾಗಿರಲಿಲ್ಲ. ದುಪ್ಪಟಿಯ ಒಂದು ಮೂಲೆ ಮಾತ್ರ ಕೆಂಪಾಗಿತ್ತು.

"ಮೂಳೆ ಉಳಿದಿದೆ, ನರ ಉಳಿದಿಲ್ಲ. ಬೆರಳು ಇನ್ನು ಬಿಗಿ ಹಿಡಿಯೋದು ಕಷ್ಟ" ಎಂದರು ಡಾಕ್ಟರು.

ತಮ್ಮ ಮಂಚದ ಪಕ್ಕ ಕುಳಿತಿದ್ದ. ಅವನ ಬಲ ತೋಳಿನಲ್ಲಿ ಒಂದು ಗೀರೂ ಇರಲಿಲ್ಲ. ಅದನ್ನು ಅವನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಗಂಟು ಬಿಟ್ಟು ನಿಂತ್ರೆ ಬಿಡುತ್ತೆ ಅಂತ ಹೇಳಿದ್ನಲ್ಲ ಅಕ್ಕ..."

"ನೆನಪಿತ್ತು ಕಣೋ."

"ಮತ್ತೆ?"

"ಬಿಳೀ ಪರದೆ. ಕೆಳಗೆ ಕೆಸರು." ಅವಳು ಕಣ್ಣು ಮುಚ್ಚಿದಳು. "ಕೈ ಕೇಳ್ಲಿಲ್ಲ."

ಕಣ್ಣು ತೆರೆದು ಅವಳೇ ಹೇಳಿದಳು: "ಸೊಂಟ ತಿರುಗಿಸೋದು ನಾನೇ ಹೇಳಿಕೊಟ್ಟೆ, ಅಲ್ವೇನೋ? ಚೆನ್ನಾಗಿ ಕಲ್ತಿದೀಯ. ನಾಯಿಗೂ ಚೆನ್ನಾಗಿ ಕಲಿಸಿದೀಯ."

ಅದು ಬೈಗುಳವಾಗಿರಲಿಲ್ಲ. ಬೈಗುಳವಾಗಿದ್ದರೆ ತಮ್ಮ ತಡೆದುಕೊಳ್ಳುತ್ತಿದ್ದ.

ಸಂಜೆ ಗಂಡಹೆಂಡತಿ ಹಣ್ಣು ತಂದರು. ಆಸ್ಪತ್ರೆಯ ಖರ್ಚು ತಮ್ಮದೇ ಎಂದರು. ಟೀಚರಮ್ಮ ನಿಜವಾಗಿಯೂ ಅತ್ತಳು. ಗುಮಾಸ್ತ ಗೋಡೆ ನೋಡುತ್ತ, "ಹೊರಡೋವಾಗ ಒಂದು ಮಾತು ಕೂಗಿ ಹೇಳಿದ್ರೆ ಕಟ್ಟಿಹಾಕ್ತಿದ್ದೆ" ಎಂದ.

"ಸುಮ್ನಿರ್ರೀ," ಟೀಚರಮ್ಮ ಅಂದಳು. "ನಾವೇನು ದೊಡ್ಡ ಜನವಾ? ಹೆದರಿಕೆಗೆ ತಂದ್ವಿ ಕಣಮ್ಮ. ಬರೀ ಹೆದರಿಕೆಗೆ."

"ಯಾರ ಹೆದರಿಕೆ ಟೀಚರಮ್ಮ?"

"ಅದೇ... ಹೊರಗಿನವರದು."

ಅಕ್ಕ ಕಟ್ಟು ಹಾಕಿದ ಕೈಯನ್ನು ನೋಡಿದಳು. "ನಾನು ಒಳಗಿನವಳು ಅಂದ್ಕೊಂಡಿದ್ದೆ" ಎಂದಳು.

ನಾಯಿ ಶಾಲೆಯಲ್ಲಿ ಮಾಸ್ಟರು ಹುರುಪಿನಲ್ಲಿದ್ದರು. ಎದುರುಮನೆಯ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿತ್ತು. ಹೆಂಗಸಿನ ಮುಖ ಕಾಣುತ್ತಿರಲಿಲ್ಲ. ಗೇಟು, ಗಂಟು, ಹಾರಿದ ನಾಯಿ, ಅಷ್ಟೇ ಕಾಣುತ್ತಿತ್ತು. ಕೇಳಿಕೊಂಡು ಬಂದ ಹೊಸ ಗಿರಾಕಿಗಳಿಗೆ ಮಾಸ್ಟರು ಅದನ್ನೇ ತೋರಿಸುತ್ತಿದ್ದರು. "ನೋಡಿ, ಹಿಡಿತ ನೋಡಿ. ನೀರು ಎರಚೋವರೆಗೂ ಬಿಡಲಿಲ್ಲ."

ತಮ್ಮ ನೋಡಿದ. ಸೊಂಟ ತಿರುಗಿಸಿದ ಆ ಆಕಾರ ತಾನೇ ಅನ್ನಿಸಿತು.

"ಅದು ನಮ್ಮಕ್ಕ ಸಾರ್."

ಮಾಸ್ಟರು ಮೊಬೈಲು ಆರಿಸಿದರು. "ಪಾಪ. ಆದರೆ ನಾಯಿಗೇನಪ್ಪ ಗೊತ್ತು?"

"ನಾಯಿಗೆ ಗೊತ್ತಿಲ್ಲ ಸಾರ್. ಗಂಟು ಹೊರೋರೆಲ್ಲ ಕಳ್ಳರಲ್ಲ ಅಂತ ನಿಮಗೆ ಗೊತ್ತಿತ್ತು. ನನಗೂ ಗೊತ್ತಿತ್ತು." ಅವನು ತೇಪೆಯ ಸ್ವೆಟರನ್ನು ಬಿಚ್ಚಿ ಆ ಒಂಟಿ ಗೇಟಿನ ಮೇಲೆ ಹಾಕಿದ. ಅಕ್ಕನ ದುಪ್ಪಟಿ ಕೇಳಿದ. ಅದರ ಮೂಲೆಗಳು ನಾಯಿಹಲ್ಲಿಗೆ ಚಿಂದಿಯಾಗಿದ್ದವು. ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ನಡೆದ. ಬೇರೆ ಕಳ್ಳ ಮರುದಿನವೇ ಸಿಕ್ಕ. ತೇಪೆಯ ಸ್ವೆಟರಿಗೆ ಮೈ ಸಿಗುವುದು ಎಂದೂ ಕಷ್ಟವಲ್ಲ.

ಅಕ್ಕನ ಬೆರಳುಗಳು ಅರ್ಧ ಮಡಿಚಿಕೊಂಡೇ ಉಳಿದವು, ಇನ್ನೂ ಗಂಟು ಹಿಡಿದಿರುವ ಹಾಗೆ. ಇಸ್ತ್ರಿ ಪೆಟ್ಟಿಗೆ ಆ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅವಳು ಸ್ಟೂಲಿನ ಮೇಲೆ, ತಮ್ಮ ಮೇಜಿನ ಮುಂದೆ. "ಕಾಲರು ಮೊದಲು. ಅಯ್ಯೋ, ಅದು ಅಂಗಿ ಕಣೋ, ನಿನ್ನ ಶತ್ರು ಅಲ್ಲ, ಮೆತ್ತಗೆ!" ಗಿರಾಕಿಗಳು ಅರ್ಧ ಉಳಿದಿದ್ದರು. ಬಟ್ಟೆ ತರುವ ಕೆಲಸವೂ ತಮ್ಮನದೇ ಆಯಿತು.

ಟೀಚರಮ್ಮನ ಗೇಟಿನಲ್ಲಿ ಪುಟ್ಟಿ ಒಬ್ಬಳೇ ನಿಂತಿದ್ದಳು. ಕೈಯಲ್ಲಿ ರಿಬ್ಬನ್.

"ಮಾಮ, ಬೆಣ್ಣೇನ ಡಾಕ್ಟರು ಸೂಜಿ ಚುಚ್ಚಿ ಮಲಗಿಸಿಬಿಟ್ರು. ಏಳಲ್ವಂತೆ. ಬೆಣ್ಣೆ ಕೆಟ್ಟದಾ?"

ಅವನು ಮೊಣಕಾಲೂರಿ ಕೂತ. ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದ ಆ ಭಾರ ನೆನಪಾಯಿತು. "ಇಲ್ಲ ಪುಟ್ಟಿ. ತುಂಬಾ ಒಳ್ಳೇದು. ನಾವು ಹೇಳಿದ್ದನ್ನೆಲ್ಲ ಕಲಿತುಬಿಡ್ತು, ಅದೇ."

ಆ ಬೀದಿಯಲ್ಲಿ ಅವನು ಹೆಗಲ ಮೇಲೆ ಗಂಟು ಹಾಕುತ್ತಿರಲಿಲ್ಲ. ಎರಡೂ ಕೈಯಲ್ಲಿ ಎದೆಗಪ್ಪಿ, ಮಗುವನ್ನು ಎತ್ತಿಕೊಂಡಂತೆ ನಡೆಯುತ್ತಿದ್ದ. ಆದರೂ ಒಂದು ಮಧ್ಯಾಹ್ನ ತಿರುವಿನ ಮನೆಯ ಗೇಟು ತೆರೆದಿತ್ತು. ಒಳಗಿನಿಂದ ಒಂದು ನಾಯಿ ಸದ್ದಿಲ್ಲದೆ ಬಂದು ನಿಂತಿತು. ಕಪ್ಪು ಮುಖ, ಮಡಿಚಿದ ಒಂದು ಕಿವಿ. ಅವನೇ ಕಳ್ಳನಾಗಿ ಕಲಿಸಿದ ನಾಯಿ. ಅದರ ಕಣ್ಣು ಗಂಟಿನ ಮೇಲಿತ್ತು.

ಅವನು ಗಂಟನ್ನು ಕೆಳಗೆ ಬಿಟ್ಟ. ಚರಂಡಿಯ ಪಕ್ಕದ ಕೆಸರಿಗೆ, ಶಾಲೆಯ ಸಮವಸ್ತ್ರ, ಬಿಳಿ ಅಂಗಿಗಳು, ಎಲ್ಲ ಬಿದ್ದವು. ಕೈ ಇಳಿಬಿಟ್ಟು ಅಲ್ಲಾಡದೆ ನಿಂತ. ನಾಯಿ ಸ್ವಲ್ಪ ಹೊತ್ತು ನೋಡಿ, ಪಾಠ ಮುಗಿಯಿತೆಂದುಕೊಂಡು ಬಾಲ ಅಲ್ಲಾಡಿಸಿ, ಹತ್ತಿರ ಬಂದು ಅವನ ತೋಳು ಮೂಸಿ ನೆಕ್ಕಿತು.

ಅಂಗಡಿಗೆ ಬಂದಾಗ ಗಂಟಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅಕ್ಕ ಸ್ಟೂಲಿನಿಂದ ಎದ್ದಳು.

"ಏನೋ ಇದು? ನೆಲಕ್ಕೆ ಹಾಕಿದ್ಯಾ?"

"ಹಾಕ್ದೆ ಅಕ್ಕ."

ಅವಳು ಅಂಗಿಯೊಂದನ್ನು ಎಡಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಕೆಸರು ಕಾಲರಿನವರೆಗೆ ಹತ್ತಿತ್ತು. ಆಮೇಲೆ ತಮ್ಮನ ಎರಡೂ ತೋಳುಗಳನ್ನು, ಮೊದಲು ಬಲ, ಆಮೇಲೆ ಎಡ, ಅಂಗೈಯಿಂದ ಮೊಣಕೈವರೆಗೆ ಸವರಿ ನೋಡಿದಳು.

"ಒಳ್ಳೇದು ಮಾಡ್ದೆ" ಎಂದಳು. "ತೊಟ್ಟಿಗೆ ನೀರು ಬಿಡು. ಮತ್ತೆ ಒಗೆಯೋಣ."