ಗುಂಡುಸೂಜಿಯ ದಿಂಬು

ದರ್ಜಿ ತಾತ ಮೊಮ್ಮಗಳಿಗೆ ಇಟ್ಟ ಅಡ್ಡಹೆಸರು ವಟವಟ. ಊಟಕ್ಕೆ ಕೂತರೆ ಅವಳ ಬಾಯಿಗೆ ಬೀಗವೇ ಇರಲಿಲ್ಲ. ಅಂಗಡಿಯಲ್ಲಿ ತಾತನ ಪಕ್ಕ ಗುಂಡಿ ಜೋಡಿಸುತ್ತ ಕೂತಾಗ ಮಾತ್ರ ಸುಮ್ಮನಿರುತ್ತಿದ್ದಳು. ಒಳ್ಳೆ ಕೆಲಸಗಾರ್ತಿ ಎಂದು ತಾತ ಬೀಗುತ್ತಿದ್ದ.

ಐದು ತುಂಬಿದ ಈ ಹುಡುಗಿ ಸರ್ಕಾರಿ ಶಿಶುವಿಹಾರದ ಬಾಗಿಲು ದಾಟಿದರೆ ತುಟಿಪಿಟಕ್ ಎನ್ನುತ್ತಿರಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ, ಏಳು ತಿಂಗಳು!

"ಮರಳಲ್ಲಿ ಆಡಿಸೋದು, ಡಬ್ಬಿ ಜೋಡಿಸೋದು, ಇದೂ ಒಂದು ಪಾಠಾನಾ? ಆ ಟೀಚರಮ್ಮ ಒಂದ್ಸಲ ಗದರಿದ್ರೆ ಬಾಯಿ ಬಿಡ್ತಾಳೆ," ಎಂದು ತಾತ ಮನೆಯಲ್ಲಿ ಕೂಗಾಡುತ್ತಿದ್ದ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು, ವಟವಟಳ ಅಮ್ಮ, "ಅಪ್ಪ, ನೀನು ನಿನ್ನ ಹೊಲಿಗೆ ನೋಡ್ಕೋ," ಎಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು.

ಟೀಚರಮ್ಮ ಗದರುವವರಲ್ಲ. ಅಲ್ಲಿ ಒಂದೊಂದು ಮಗು ಚೀಲ ನೇತುಹಾಕುವ ಮೊಳೆಗೂ ಒಂದೊಂದು ಚಿತ್ರ. ವಟವಟಳದು ಆಮೆ. ಹಾಜರಿ ಕೂಗಿದಾಗ ಅವಳು ಆಮೆಯ ಚೀಟಿ ಎತ್ತಿದರೆ ಸಾಕಿತ್ತು. "ಇವಳಿಗೆ ಮಾತೇ ಬರಲ್ಲ ಮಿಸ್," ಎಂದು ಯಾರಾದರೂ ಅಂದರೆ, "ಬರುತ್ತೆ, ನಾವು ಕಾಯೋಣ," ಎನ್ನುತ್ತಿದ್ದರು.

ಒಂದು ಸಂಜೆ ಅವರು ತಾತನನ್ನು ಮಕ್ಕಳ ಕುರ್ಚಿಯಲ್ಲಿ ಕೂರಿಸಿ, ತಮ್ಮ ನೀಲಿ ಮೇಲಂಗಿಯ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ವಟವಟಳ ಬಗ್ಗೆ ಬರೆದಿಟ್ಟದ್ದನ್ನು ಓದಿದರು. ಮೂರು ಮಕ್ಕಳಿಗೆ ಗುಂಡಿ ಹಾಕಿಕೊಟ್ಟಳು. ಲೋಟ ಎಣಿಸಿಟ್ಟಳು. ಅಳುತ್ತಿದ್ದವನ ಪಕ್ಕ ಹೋಗಿ ಕೂತಳು. ಬೈಯಲು ಸಿದ್ಧನಾಗಿದ್ದ ತಾತ ಪುಸ್ತಕದತ್ತ ಬಗ್ಗಿ ನೋಡಿದ. ಒಂದು ಮಗುವನ್ನು ಇಷ್ಟು ನೋಡುವವರೂ ಇದ್ದಾರೆಯೇ?

"ಇವಳಿಗೆ ಎಲ್ಲಾ ಗೊತ್ತು," ಎಂದರು ಟೀಚರಮ್ಮ. "ಆದ್ರೆ ತಿಂಗಳ ಕೊನೆಗೆ ಮೇಲಿನವರು ಬಂದು ಮಕ್ಕಳನ್ನ ಮಾತಾಡಿಸ್ತಾರೆ. ಬಾಯಿ ಬಿಡದಿದ್ರೆ ಒಂದನೇ ಕ್ಲಾಸಿಗೆ ಕಳಿಸಲ್ಲ. ಜೊತೆಯವರೆಲ್ಲ ಹೋಗ್ತಾರೆ, ಇವಳು ಇಲ್ಲೇ ಉಳೀತಾಳೆ."

"ಈಗ ಏನ್ ಮಾಡೋದು ಮೇಡಂ?" ಎಂದ ತಾತ.

"ಪ್ರತಿ ಶನಿವಾರ ಒಬ್ಬರ ಮನೆಯವರು ಬಂದು ತಮ್ಮ ಕೆಲಸ ತೋರಿಸ್ತಾರೆ. ಈ ಸಲ ನೀವು ಬನ್ನಿ."

ಶನಿವಾರ ತಾತ ಕೊರಳಿಗೆ ಟೇಪು ಹಾಕಿಕೊಂಡು, ಹೊಲಿಗೆ ಪೆಟ್ಟಿಗೆ ಹೊತ್ತು ಬಂದ. ಗೊಂಬೆಗೆ ಅಂಗಿ ಹೊಲಿಯಲೆಂದು ಚಾಪೆಯ ಮೇಲೆ ಕೂತು, ನಲವತ್ತು ವರ್ಷದ ರೂಢಿಯಂತೆ ನಾಲ್ಕು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡ. ಮಕ್ಕಳು ಏನು ಕೇಳಿದರೂ "ಹೂಂ" ಅಷ್ಟೆ. ಟೀಚರಮ್ಮ ಅವನ ಬಾಯಿ ನೋಡಿದರು. ಆಮೇಲೆ ವಟವಟಳ ಬಾಯಿ ನೋಡಿದರು. ತುಟಿ ಬಿಗಿದ ರೀತಿ ಎರಡೂ ಒಂದೇ ಅಚ್ಚು.

"ಕೆಲಸ ಮಾಡೋವಾಗ ನೀವು ಮಾತಾಡಲ್ವಾ?"

ತಾತ ಸೂಜಿಗಳನ್ನು ಅಂಗೈಗೆ ತೆಗೆದುಕೊಂಡ. "ಸೂಜಿ ಹೊಟ್ಟೆಗೆ ಹೋಗುತ್ತೆ ಮೇಡಂ. ಇವಳಿಗೂ ಹೇಳಿದೀನಿ, ಕೆಲಸದ ಹೊತ್ತಲ್ಲಿ ಬಾಯಿ ಬಿಡಬಾರದು ಅಂತ."

"ಶಾಲೆ ಬಗ್ಗೆ ಏನು ಹೇಳಿದ್ರಿ?"

"ಮೊದಲನೇ ದಿನ ಅಳ್ತಿದ್ಲು. 'ನನಗೆ ಅಂಗಡಿ ಹೇಗೋ ನಿನಗೆ ಶಾಲೆ ಹಾಗೆ, ಇದೇ ನಿನ್ನ ಕೆಲಸ' ಅಂದೆ..."

ತಾತ ಅಂಗೈಯ ಸೂಜಿಗಳನ್ನು ನೋಡಿದ. ಏಳು ತಿಂಗಳು ಊರಿಗೆಲ್ಲ ಕೇಳುವಂತೆ ಟೀಚರಮ್ಮನನ್ನು ಬೈದದ್ದೇನು, ಮಗುವಿನ ಬಾಯಿ ಹೊಲಿದವನು ತಾನೇ! ನಾಚಿಕೆಯಿಂದ ತಾತ ಹಿಡಿಯಷ್ಟಾದ.

ಟೀಚರಮ್ಮ ನಗಲಿಲ್ಲ, ದೂರಲೂ ಇಲ್ಲ. ಪೆಟ್ಟಿಗೆಯಲ್ಲಿದ್ದ, ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ತೆಗೆದು ಚಾಪೆಯ ನಡುವೆ ಇಟ್ಟರು. "ನಮ್ಮ ಕೋಣೇಲಿ ಸೂಜಿ ಇರೋದು ಇದರಲ್ಲಿ. ಮೊದಲು ತಾತ."

ತಾತ ನಾಲ್ಕೂ ಸೂಜಿ ಚುಚ್ಚಿದ. ವಟವಟ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಂದು, ತನ್ನ ತುಟಿಯಿಂದ ಇಲ್ಲದ ಸೂಜಿಯೊಂದನ್ನು ಎಳೆದು ದಿಂಬಿಗೆ ಚುಚ್ಚಿದಳು. ಇನ್ನೊಂದು. ಮತ್ತೆರಡು. ಅವಳು ಟೀಚರಮ್ಮನ ಮಣಿಕಟ್ಟು ಹಿಡಿದಳು.

"ಮಿಸ್, ಈ ಮೇಲಂಗಿಯ ಬಲಗಡೆ ತೋಳು ಅರ್ಧ ಇಂಚು ಗಿಡ್ಡ. ಮೊದಲನೇ ದಿನವೇ ನೋಡಿದ್ದೆ."

ಟೀಚರಮ್ಮ ನಗಲು ಹೋಗಿ ಅತ್ತುಬಿಟ್ಟರು. ಮಕ್ಕಳು ಹೋ ಎಂದು ಕುಣಿದರು.

"ಮೇಡಂ, ನಿಮ್ಮನ್ನ ಬೈಕೊಂಡೇ ತಿರುಗಿದೆ," ಎಂದ ತಾತ, ಕಣ್ಣೊರೆಸುತ್ತ. "ಸಾಯೋವರೆಗೂ ನಿಮ್ಮ ಉಪಕಾರ ಮರೆಯಲ್ಲ. ಆ ಮೇಲಂಗಿ ಕೊಡಿ, ಸೋಮವಾರ ಸರಿ ಮಾಡಿ ತರ್ತೀನಿ."

"ಸೋಮವಾರ ಯಾಕೆ ತಾತ? ದಾರ ತಂದಿದೀಯಲ್ಲ, ಇಲ್ಲೇ ಹೊಲಿ," ಎಂದಳು ವಟವಟ, ದಿಂಬನ್ನು ಅವನ ಮುಂದೆ ತಳ್ಳುತ್ತ. "ಬಾಯಲ್ಲಿ ಸೂಜಿ ಮಾತ್ರ ಇಟ್ಕೋಬೇಡ. ಮಿಸ್ ಜೊತೆ ಮಾತಾಡ್ತಾ ಹೊಲಿ."