ಕರೆಂಟ್ ಬೇಡದ ಫ್ರಿಜ್

ಗೋವಾದ ಪರ್ವರಿಯ ನಮ್ಮ ಓಣಿಯಲ್ಲಿ ಮೃಣಾಲಿನಿಯ, ಅಂದರೆ ನನ್ನ, ಮನೆಯೆಂದರೆ ಜನ ಗೇಟಿನ ಹೊರಗೇ ಚಪ್ಪಲಿ ಬಿಡುತ್ತಾರೆ. ಸ್ವಚ್ಛತೆಯ ವಿಷಯದಲ್ಲಿ ನನ್ನ ಬಾಯಿ ಅಷ್ಟು ಜೋರು. ಅದಕ್ಕೇ 2006ರಲ್ಲಿ ಒಂದು ಜರ್ಮನ್ ದಂಪತಿ ಮಳೆಗಾಲಕ್ಕೆ ತಮ್ಮ ಗಾಡಿಯನ್ನು ನಮ್ಮ ಕಂಪೌಂಡಿನಲ್ಲೇ ಬಿಟ್ಟು ಹೋಗುತ್ತಾರಂತೆ ಎಂದು ನನ್ನ ಯಜಮಾನರು ರಘೋತ್ತಮ ಹೇಳಿದಾಗ ನಾನು ಉಬ್ಬಿಹೋದೆ. ಗಾಡಿಯೆಂದರೆ ಚಕ್ರದ ಮೇಲಿನ ಮನೆ. ಒಳಗೆ ಹಾಸಿಗೆ, ಒಲೆ, ಸೊಂಟದೆತ್ತರದ ಒಂದು ಫ್ರಿಜ್.

ಏಪ್ರಿಲ್ ಕೊನೆಗೆ ವಿಮಾನ ಹತ್ತುವ ಮುನ್ನ ಆ ಹೆಂಗಸು ನನಗೆ ಫ್ರಿಜ್ಜಿನ ಪಾಠ ಹೇಳಿಕೊಟ್ಟಳು. ವಾರಕ್ಕೊಮ್ಮೆ ಸೋಡಾಪುಡಿ ಕಲಸಿದ ಬಿಸಿನೀರಿನಲ್ಲಿ ಒರೆಸಬೇಕು, ಬಾಗಿಲ ರಬ್ಬರಿನ ಮಡಿಕೆಯಲ್ಲಿ ಹನಿ ನೀರೂ ನಿಲ್ಲಬಾರದು. ಬಾಗಿಲನ್ನಂತೂ ಮುಚ್ಚಲೇಬಾರದು, ಟವೆಲ್ ಸುರುಳಿ ಸಿಕ್ಕಿಸಿ ಗಾಳಿಯಾಡಲು ಬಿಡಬೇಕು, ಇಲ್ಲದಿದ್ದರೆ ಬೂಸಲು. ಇದು ಕರೆಂಟಿಲ್ಲದೆ ಗ್ಯಾಸಿನ ಮೇಲೆ ನಡೆಯುವ ಫ್ರಿಜ್ಜು, ಸಿಲಿಂಡರ್ ಬಿಚ್ಚಿ ತೆಗೆದಿದ್ದೇವೆ ಎಂದೂ ಹೇಳಿದಳು.

ಆ ಕೆಲಸ ನಾನು ಮಾಡುತ್ತೇನೆಯೇ? ನಮ್ಮ ಮನೆಗೆಲಸದ ಶಿವವ್ವನಿಗೆ ಕೀಲಿಕೈ ಕೊಟ್ಟೆ. ಅವಳು ಬಾದಾಮಿ ಕಡೆಯವಳು, ಗಂಡ ದೇವಪ್ಪ ಕಟ್ಟಡದ ಕೂಲಿ. ಅವಳಿಗೆ ಪಾಠ ಒಪ್ಪಿಸುವಾಗ ನನ್ನ ಜಂಬ ನೋಡಬೇಕಿತ್ತು. "ಇದು ನಮ್ಮ ಫ್ರಿಜ್ಜಿನ್ಹಂಗ ಅಲ್ಲ. ಇದಕ್ಕ ಕರೆಂಟ್ ಬೇಕಾಗೂದೇ ಇಲ್ಲ ನೋಡು!" ಎಂದೆ. ಗ್ಯಾಸಿನ ಮಾತು ಎತ್ತಲಿಲ್ಲ. ಅರ್ಧ ಹೇಳಿದರೆ ಅವಳ ಕಣ್ಣು ಇನ್ನೂ ಅಗಲವಾಗುತ್ತಿತ್ತು.

ಮೇ ಮೊದಲ ವಾರ ಅವಳು ಅಡುಗೆಮನೆ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಳು.

"ಅಕ್ಕಾರ, ನಮ್ಮ ಮನಿಯವರಿಗೆ ಸಕ್ಕರಿ ಬ್ಯಾನಿ ಐತಲ್ರಿ. ದವಾಖಾನ್ಯಾಗ ಎರಡ ತಿಂಗಳ ಸೂಜಿ ಔಷಧ ಕೊಟ್ಟಾರ. ಥಂಡದಾಗ ಇಡಬೇಕಂತ. ನಮ್ಮ ಶೆಡ್ಡಿನ್ಯಾಗ ಲೈಟ್ ಸುದ್ದಾ ಇಲ್ರಿ. ನಿಮ್ಮ ಫ್ರಿಜ್ಜಿನ ಮೂಲ್ಯಾಗ ಒಂದ ಸಣ್ಣ ಡಬ್ಬಿ..."

"ದೇವರ ನೈವೇದ್ಯದ ಹಾಲು ಇರ್ತದ ಅದರಾಗ. ಆಗೂದಿಲ್ಲ."

ಅದು ಸುಳ್ಳು. ಹಿಂದಿನ ವಾರವಷ್ಟೇ ರಘೋತ್ತಮರ ಹುಟ್ಟುಹಬ್ಬದ ಮೊಟ್ಟೆ ಹಾಕಿದ ಕೇಕು ಅದೇ ಫ್ರಿಜ್ಜಿನಲ್ಲಿ ಮೂರು ದಿನ ಕೂತಿತ್ತು. ಖರೇ ಹೇಳಬೇಕೆಂದರೆ, ಕಂಡವರ ರೋಗದ ಸಾಮಾನು ನನ್ನ ಮೊಸರಿನ ಪಕ್ಕ ಇರುವುದನ್ನು ನೆನೆದೇ ನನಗೆ ಹೇಸಿಗೆಯಾಗಿತ್ತು. ಅವಳು "ಇರ್ಲಿ ಬಿಡ್ರಿ" ಎಂದು ಪಾತ್ರೆ ತಿಕ್ಕಲು ಕೂತಳು. ನಾನು ಆ ವಿಷಯ ಮರೆತೂಬಿಟ್ಟೆ.

ಜೂನಿನಲ್ಲಿ ದೇವಪ್ಪನ ಕಾಲಿಗೆ ಹುಣ್ಣಾಯಿತು. ದಿನಾ ತಪ್ಪದೆ ಸೂಜಿ ಚುಚ್ಚಿದರೂ ಸಕ್ಕರೆ ಇಳಿಯುತ್ತಿಲ್ಲ ಎಂದು ಶಿವವ್ವ ಅತ್ತಳು. "ಕದ್ದು ಬೆಲ್ಲಾ ತಿಂತಿರಬೇಕು, ಗಂಡಸರನ್ನ ನಂಬಬ್ಯಾಡ" ಎಂದು ಬುದ್ಧಿ ಹೇಳಿದವಳು ನಾನೇ. ಅವಳು ಗಂಡನೊಡನೆ ದೊಡ್ಡ ಜಗಳ ತೆಗೆದಳು, ಎರಡು ದಿನ ಮಾತು ಬಿಟ್ಟಳು. ಜುಲೈ ಮೊದಲಿಗೆ ಅವನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿ ಕಾಲಿನ ಒಂದು ಬೆರಳು ತೆಗೆದರು. ವಿಚಿತ್ರವೆಂದರೆ, ಅಲ್ಲಿನ ಸೂಜಿಗೆ ಸಕ್ಕರೆ ಇಳಿಯತೊಡಗಿತು.

ಅವಳು ಆಸ್ಪತ್ರೆಗೆ ಓಡಾಡುತ್ತಿದ್ದುದರಿಂದ ಒಂದು ಬೆಳಿಗ್ಗೆ ನಾನೇ ಹೋಗಿ ಗಾಡಿ ತೆರೆದೆ. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಫ್ರಿಜ್ಜಿನ ಬಾಗಿಲು ಬಿಗಿಯಾಗಿ ಮುಚ್ಚಿತ್ತು, ಟವೆಲ್ಲನ್ನು ನೀಟಾಗಿ ಮಡಿಸಿ ಮೇಲಿಡಲಾಗಿತ್ತು. ತೆಗೆದರೆ ರಬ್ಬರಿನ ತುಂಬ ಕಪ್ಪು ಬೂಸಲು. ನನ್ನ ಪಿತ್ತ ನೆತ್ತಿಗೇರಿತು. ಆಗಷ್ಟೇ ಗೇಟು ದಾಟಿ ಒಳಬರುತ್ತಿದ್ದ ಶಿವವ್ವನನ್ನು ಕರೆದು, ಓಣಿಗೆಲ್ಲ ಕೇಳುವ ಹಾಗೆ ಬಾಯಿಗೆ ಬಂದಂತೆ ಬೈದೆ. ಅವಳು ಫ್ರಿಜ್ಜಿನ ಒಳಗೆ ಕೈ ಹಾಕಿ ಒಂದು ಸ್ಟೀಲ್ ಡಬ್ಬಿ ತೆಗೆದು ಪಕ್ಕಕ್ಕಿಟ್ಟು ಒರೆಸತೊಡಗಿದಳು. ಡಬ್ಬಿಯಲ್ಲಿ ಔಷಧದ ಒಂದು ಪುಟ್ಟ ಬಾಟಲಿ ಉಳಿದಿತ್ತು.

"ಏನಿದು?"

"ಅವರ ಸೂಜಿ ಔಷಧರಿ. ತಪ್ಪಾತ್ರಿ ಅಕ್ಕಾರ. ಕರೆಂಟ್ ಬ್ಯಾಡ ಅಂದಿದ್ರಲ್ರಿ ನೀವು... ಬಾಗಿಲಾ ತಗದಿಟ್ರ ಥಂಡ ಹೋಗತೈತಿ ಅಂತ ಮುಚ್ಚಿದ್ನಿರಿ. ಮುಂಜಾನೆ ಮುಟ್ಟಿದ್ರ ತಣ್ಣಗ ಇರತಿತ್ತು."

ಮೇ ತಿಂಗಳ ಗೋವಾ, ತಗಡಿನ ಚಪ್ಪರ, ಅದರಡಿ ಮುಚ್ಚಿದ ಗಾಡಿ. ಮಧ್ಯಾಹ್ನ ಅದರೊಳಗೆ ಹಪ್ಪಳ ಸುಡಬಹುದಿತ್ತು. ನಾನು ಗಾಡಿಯ ಮೆಟ್ಟಿಲ ಮೇಲೆ ಕೂತೆ. ಎಲ್ಲ ಹೇಳಿದೆ. ಗ್ಯಾಸಿಲ್ಲದೆ ಇದು ಬರೀ ಪೆಟ್ಟಿಗೆ, ಔಷಧ ಸೆಕೆಗೆ ಕೆಟ್ಟುಹೋಗಿದೆ, ಇಷ್ಟು ದಿನ ನೀನು ಅವನಿಗೆ ಚುಚ್ಚಿದ್ದು ನೀರಿಗೆ ಸಮ ಎಂದೆ. ಅವಳ ಕೈ ನಿಂತಿತು.

"ಹಂಗಾರ ಅವ ಬೆಲ್ಲಾ ತಿಂದಿದ್ದಿಲ್ರಿ," ಎಂದಳು. ಡಬ್ಬಿಯ ಮುಚ್ಚಳ ಹಾಕಿ, "ನೀವ ಬಂದ ಅವಗ ಹೇಳ್ರಿ ಅಕ್ಕಾರ. ನನ್ನ ಕೈಲೆ ಆಗಂಗಿಲ್ಲ."

ಹೇಳಲೇಬೇಕೆಂದು ಅವಳ ಜೊತೆ ಹೊರಟೆ. ಬಸ್ಸು ಮಾಂಡವಿ ಸೇತುವೆ ದಾಟುವಷ್ಟರಲ್ಲಿ ಮಾತುಗಳನ್ನೂ ಜೋಡಿಸಿಕೊಂಡಿದ್ದೆ. ತಪ್ಪು ನನ್ನದು, ಇವಳು ಜಾಗ ಕೇಳಿದಾಗ ಇಲ್ಲವೆಂದವಳು ನಾನು, ಇಷ್ಟೇ. ವಾರ್ಡಿನಲ್ಲಿ ದೇವಪ್ಪ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ. ನನ್ನನ್ನು ಕಂಡವನೇ ಏಳಲು ಹೋಗಿ, ಆಗದೆ, ಕೂತಲ್ಲೇ ಎರಡೂ ಕೈ ಮುಗಿದ.

"ಬರ್ರಿ ಅಕ್ಕಾರ. ಕಂಡವರ ಔಷಧ ಯಾರ ತಮ್ಮ ಮನಿ ಫ್ರಿಜ್ಜಿನ್ಯಾಗ ಇಟಗೋತಾರ್ರಿ? ಎರಡ ತಿಂಗಳ ನೀವು ಇಟಗೊಂಡ್ರಿ. ಶಿವವ್ವ ದಿನಾ ಹೇಳತಾಳ್ರಿ."

ನಾನು ಶಿವವ್ವನ ಕಡೆ ನೋಡಿದೆ. ನನ್ನ ಮನೆಯಲ್ಲಿ ಇಲ್ಲ ಅನ್ನಿಸಿಕೊಂಡದ್ದನ್ನು ಅವಳು ಗಂಡನಿಗೆ ಹೇಳಿಯೇ ಇರಲಿಲ್ಲ. ಅವಳು ನೆಲ ನೋಡುತ್ತಿದ್ದಳು. ಈಗ ಹೇಳು ಮೃಣಾಲಿನಿ, ಎಂದು ನನಗೆ ನಾನೇ ಅಂದುಕೊಂಡೆ. ಬಾಯಿ ತೆರೆದೆ.

"ಅದರಾಗೇನದ, ಒಂದು ಡಬ್ಬಿ ಇಟ್ಕೊಳ್ಳೂದು," ಎಂದೆ.

ಶಿವವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಮಂಚದ ಕೆಳಗಿನ ಸ್ಟೂಲು ಎಳೆದು, ಸೆರಗಿನಿಂದ ಒರೆಸಿ, ನನಗೆ ಕೂರಲು ಕೊಟ್ಟಳು.